ಲಕ್ಕಮ್ಮನ ಹಲ್ಲಿನ ಪ್ಲೇಟು

ಚಾಮರಾಜಪೇಟೆಯ ಐದನೇ ಮೇನ್ ರೋಡಿನಲ್ಲಿ ಸೊಪ್ಪು ಕೊಳ್ಳುತ್ತಿದ್ದವರಿಗೆಲ್ಲ ಲಕ್ಕಮ್ಮನ ಬಾಯಿಯ ಪರಿಚಯವಿತ್ತು. ದಂಟು, ಸಬ್ಬಸಿಗೆ, ಮೆಂತ್ಯ ಎಲ್ಲವನ್ನೂ ಒದ್ದೆ ಗೋಣಿಯ ಮೇಲೆ ಹರಡಿಕೊಂಡು ಕೂತಳೆಂದರೆ ಆ ಮೂಲೆಯ ಯಜಮಾನಿಕೆ ಅವಳದೇ. ಕಟ್ಟು ಬಿಚ್ಚಿ ಒಳಗೆ ಹುಳುಕು ಹುಡುಕುವ ಗಿರಾಕಿ ಬಂದರೆ ಮುಗಿಯಿತು, ಅಲ್ಲೇ ಮಂಗಳಾರತಿ. ಆದರೆ ಬಾಣಂತಿ ಇರುವ ಮನೆಯವರು ಬಂದರೆ ಸಬ್ಬಸಿಗೆಯ ಒಂದು ಕಟ್ಟು ಹೆಚ್ಚಿಗೆ ಹಾಕಿ, ಅವರು ಬೇಡವೆಂದರೆ ಅದಕ್ಕೂ ಬೈಯುತ್ತಿದ್ದಳು. ಅವಳ ಪ್ರೀತಿ, ಕೋಪ ಎರಡೂ ಬೈಗುಳದಲ್ಲೇ ಬರುತ್ತಿದ್ದವು. ಯಾವುದು ಯಾವುದೆಂದು ತಿಳಿಯಲು ಹೊಸಬರಿಗೆ ಸ್ವಲ್ಪ ಕಾಲ ಬೇಕಾಗುತ್ತಿತ್ತು.

ಗಂಡ ಮುನಿರಾಮಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗದ ಮುಂದೆಯೇ ಆಯಸ್ಸು ಕಳೆದವನು. ಮಗ್ಗಗಳ ಗಲಾಟೆಗೆ ಅವನ ಕಿವಿ ಅರ್ಧ ಹೋಗಿತ್ತು. ಮನೆಯಲ್ಲಿ ಲಕ್ಕಮ್ಮ ಕೂಗಿ ಕೂಗಿಯೇ ಮಾತಾಡಬೇಕಿತ್ತು, ಅವಳ ಗಂಟಲು ಪಳಗಿದ್ದು ಹಾಗೆ. ಒಂದು ದಿನ ಬೆಳಿಗ್ಗೆ ಪಾಳಿ ಮುಗಿಸಿ ಬಂದವನು ಕಾಫಿ ಲೋಟ ಕೈಯಲ್ಲಿ ಹಿಡಿದೇ ಎದೆ ಒತ್ತಿಕೊಂಡ. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗ ಮುನಿಕೃಷ್ಣ ಆಗಿನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ತಿಥಿ ಮುಗಿದ ಮಾರನೆಯ ದಿನವೇ ಲಕ್ಕಮ್ಮ ಮಾರ್ಕೆಟ್ಟಿಗೆ ಹೋಗಿ ಸೊಪ್ಪಿನ ಹೊರೆ ಹೊತ್ತು ತಂದಳು. ಅಲ್ಲಿಂದ ಹಲ್ಲು ಕಚ್ಚಿಕೊಂಡು ಸಂಸಾರ ತೂಗಿಸಿದಳು. ಯಾರ ಮುಂದೆಯೂ ಕೈ ಚಾಚಲಿಲ್ಲ. ಗಂಡನ ಸುದ್ದಿಯನ್ನು ಮಾತ್ರ ಯಾರ ಮುಂದೆಯೂ ಎತ್ತುತ್ತಿರಲಿಲ್ಲ.

ಮುನಿಕೃಷ್ಣ ಬೆಳೆದು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ರಾತ್ರಿ ಪಾಳಿಯ ಕೆಲಸ ಹಿಡಿದ. ತೊಂಬತ್ತೇಳರಲ್ಲಿ ಅವನಿಗೆ ಮದುವೆಯೂ ಆಯಿತು. ಹುಡುಗಿ ಶಶಿರೇಖಾ ಮಲ್ಲೇಶ್ವರದವಳು. ಅವಳ ತಾಯಿ ಪ್ರೇಮಲತಾ ಸಂಪಿಗೆ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಸೀರೆಗಳಿಗೆ ಕುಚ್ಚು ಕಟ್ಟಿ ಮಗಳನ್ನು ಪಿಯುಸಿವರೆಗೆ ಓದಿಸಿದ್ದಳು. ಹುಡುಗಿ ಮಾತು ಕಮ್ಮಿ, ಕೆಲಸ ಜಾಸ್ತಿ. ಲಕ್ಕಮ್ಮ ಗಿರಾಕಿಗಳ ಮುಂದೆಲ್ಲ ಸೊಸೆಯನ್ನು ಹೊಗಳಿದ್ದೇ ಹೊಗಳಿದ್ದು. ಆ ಹೊಗಳಿಕೆ ಒಂದು ತಿಂಗಳೂ ಬಾಳಲಿಲ್ಲ, ಅದೇ ಕಷ್ಟ.

ಅವರಿದ್ದದ್ದು ಒಂದು ಹಳೇ ವಠಾರ. ಎಲ್ಲರೂ ಮಲಗುವ ಒಂದು ಹಾಲು, ಅದರಾಚೆ ಅಡುಗೆಮನೆ. ಹಾಲಿನ ಗೋಡೆಯ ಆಚೆಗಿದ್ದ ಮನೆ ಬಹಳ ಕಾಲ ಊದುಬತ್ತಿಯವರ ಗೋಡೌನ್ ಆಗಿತ್ತು. ಮದುವೆಯಾದ ತಿಂಗಳಲ್ಲೇ ಅದು ಖಾಲಿಯಾಗಿ ಚೂಡಾಮಣಿ ಎಂಬ ಹೆಂಗಸಿನ ಸಂಸಾರ ಅಲ್ಲಿಗೆ ಬಂತು. ಚೂಡಾಮಣಿ ಕೆಟ್ಟವಳಲ್ಲ. ಆದರೆ ಕಿವಿ ಬಹಳ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಲಕ್ಕಮ್ಮನನ್ನು ಪಕ್ಕಕ್ಕೆ ಕರೆದು, ನಿಮ್ಮ ಸೊಸೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳಲ್ಲ, ಗೋಡೆ ಆಚೆಗೂ ಕರಕರ ಅಂತ ಕೇಳಿಸುತ್ತದೆ, ನಿಮಗೆ ಗೊತ್ತೇ ಇಲ್ಲವೇ ಎಂದಳು.

ಲಕ್ಕಮ್ಮನಿಗೆ ಗೊತ್ತಿರಲಿಲ್ಲ. ದಿನವಿಡೀ ಬಿಸಿಲಲ್ಲಿ ಕೂತು ಬಂದವಳು ತಲೆ ದಿಂಬಿಗೆ ತಗುಲಿದ ಕೂಡಲೇ ಹೆಣದ ಹಾಗೆ ಬಿದ್ದುಕೊಳ್ಳುತ್ತಿದ್ದಳು. ಮುನಿಕೃಷ್ಣ ರಾತ್ರಿ ಮನೆಯಲ್ಲಿರುತ್ತಿರಲಿಲ್ಲ. ರಜೆಯ ರಾತ್ರಿ ಇದ್ದರೂ ಕುಂಭಕರ್ಣ. ಹೀಗಾಗಿ ಹಲ್ಲು ಕಡಿಯುವವಳು ಸೊಸೆಯೇ ಎನ್ನುವುದರಲ್ಲಿ ನಲ್ಲಿಯ ಹತ್ತಿರ ನಿಂತಿದ್ದ ಯಾರಿಗೂ ಅನುಮಾನ ಬರಲಿಲ್ಲ. ಮನೆಗೆ ಹೊಸಬಳು ಅವಳೊಬ್ಬಳೇ ತಾನೇ.

ಲಕ್ಕಮ್ಮ ಬಿಂದಿಗೆಯನ್ನು ನಲ್ಲಿಯ ಕೆಳಗೇ ಬಿಟ್ಟಳು. ನಿದ್ದೆಯಲ್ಲಿ ಹಲ್ಲು ಕಡಿಯುವ ಹೆಂಗಸಿದ್ದರೆ ಮನೆಗೆ ದರಿದ್ರ, ಗಂಡನಿಗೆ ಆಯಸ್ಸು ಕಮ್ಮಿ ಎಂದು ಅವಳ ತಾಯಿಯೂ ನಂಬಿದ್ದಳು, ಅಜ್ಜಿಯೂ ನಂಬಿದ್ದಳು. ಗಂಡನನ್ನು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಕಳೆದುಕೊಂಡವಳಿಗೆ ಮಗನ ವಿಷಯದಲ್ಲಿ ತಮಾಷೆಯೇ? ಅವಳು ಸೀದಾ ಒಳಗೆ ಬಂದು ಸೊಸೆಯ ಎದುರಿಗೆ ನಿಂತಳು.

"ಹಲ್ಲು ಕಡಿಯೋಳು ಗಂಡನ್ನ ತಿಂತಾಳೆ ಕಣೇ. ನಂಗಿರೋದು ಒಬ್ಬನೇ ಮಗ," ಎಂದಳು.

ಶಶಿರೇಖಾ ಏನೋ ಹೇಳಲು ಬಾಯಿ ತೆರೆದಳು. ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದಳು. ತಪ್ಪು ಒಪ್ಪಿಕೊಂಡಳು ಎಂದೇ ಲಕ್ಕಮ್ಮ ಲೆಕ್ಕ ಹಾಕಿದಳು.

ಅವತ್ತಿನಿಂದ ಶಶಿರೇಖಾಳ ಚಾಪೆ ಅಡುಗೆಮನೆಗೆ ಹೋಯಿತು. ಹೊಟ್ಟೆಯಲ್ಲಿ ಹುಳು ಇರಬಹುದೆಂದು ಕಹಿ ಕಷಾಯ ಕುಡಿಸಿದ್ದಾಯಿತು. ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ಆದರೂ ಚೂಡಾಮಣಿ ಬೆಳಿಗ್ಗೆ ಬೆಳಿಗ್ಗೆ ಕೊಡುವ ವರದಿ ಬದಲಾಗಲಿಲ್ಲ. ಅಡುಗೆಮನೆಯಲ್ಲಿ ಮಲಗಿಸಿದರೂ ಹಾಲಿನ ಗೋಡೆ ದಾಟಿ ಕೇಳಿಸುತ್ತದಲ್ಲ, ಎಂಥಾ ದವಡೆ ಈ ಹುಡುಗಿಯದು ಎಂದು ಲಕ್ಕಮ್ಮ ಗೊಣಗಿದಳು. ಅಷ್ಟರಲ್ಲಿ ಸೊಸೆ ಬಸುರಿಯಾದಳು. ಸಂತೋಷಪಡಬೇಕಾದ ಹೊತ್ತಿನಲ್ಲಿ ಲಕ್ಕಮ್ಮನ ಹೆದರಿಕೆ ಇನ್ನೂ ಹೆಚ್ಚಾಯಿತು. ಹೆರಿಗೆಗೆ ಮಲ್ಲೇಶ್ವರಕ್ಕೆ ಹೋದವಳು ಹಲ್ಲು ಕಡಿಯುವುದು ನಿಂತ ಮೇಲೆಯೇ ವಾಪಸ್ಸು ಬರಲಿ, ಅಲ್ಲಿಯತನಕ ಮಗುವಿನ ಜೊತೆ ತಾಯಿಯ ಮನೆಯಲ್ಲೇ ಇರಲಿ ಎಂದು ಖಂಡಿತವಾಗಿ ಹೇಳಿಬಿಟ್ಟಳು. ಮುನಿಕೃಷ್ಣ ಅಮ್ಮನಿಗೆ ಎದುರು ಮಾತಾಡಿದವನಲ್ಲ. ಆಗಲೂ ಆಡಲಿಲ್ಲ. ಲಕ್ಕಮ್ಮ ಕೊನೆಯ ಪ್ರಯತ್ನವೆಂದು ಹತ್ತಿರದ ದರ್ಗಾಕ್ಕೆ ಹೋಗಿ ಒಂದು ತಾಯಿತ ತಂದು ಸೊಸೆಯ ತೋಳಿಗೆ ಕಟ್ಟಿದಳು.

ಇದರ ನಡುವೆ ಲಕ್ಕಮ್ಮನದೇ ಇನ್ನೊಂದು ಪಾಡು. ಬೆಳಿಗ್ಗೆ ಎದ್ದರೆ ದವಡೆ ಹಿಡಿದುಕೊಂಡಿರುತ್ತಿತ್ತು, ಕೆನ್ನೆಯ ನರ ಎಳೆಯುತ್ತಿತ್ತು. ಹುರಿಗಡಲೆ ಅಗಿಯುವುದೂ ಕಷ್ಟ. ತಲೆಗೆ ಬಟ್ಟೆ ಬಿಗಿದುಕೊಂಡೇ ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಶಶಿರೇಖಾ ಅದನ್ನು ನೋಡಿ ನೋಡಿ, ಮೆಡಿಕಲ್ ಸ್ಟೋರಿನ ಮಹಡಿಯ ಮೇಲೆ ಕೋಕಿಲಾ ಅಂತ ಹಲ್ಲಿನ ಡಾಕ್ಟರಿದ್ದಾರೆ, ಒಂದು ಸಲ ತೋರಿಸೋಣ ಬನ್ನಿ ಎಂದು ಹಟ ಹಿಡಿದಳು. ಹುಡುಗಿ ಹಟ ಹಿಡಿದದ್ದನ್ನು ಲಕ್ಕಮ್ಮ ಅದೇ ಮೊದಲು ನೋಡಿದ್ದು. ಬೈದುಕೊಂಡೇ ಹೋದಳು.

ಡಾಕ್ಟರು ಬಾಯಿಯೊಳಗೆ ದೀಪ ಹಾಕಿ ನೋಡಿ, ಹಲ್ಲೆಲ್ಲ ಸವೆದು ಗಿಡ್ಡವಾಗಿವೆ ಎಂದರು. ವಯಸ್ಸಾಗಲಿಲ್ಲವೇ, ಎಲೆಅಡಿಕೆ ಬೇರೆ ಎಂದು ಲಕ್ಕಮ್ಮ ತಾನೇ ಉತ್ತರ ಕೊಟ್ಟಳು. ಡಾಕ್ಟರು ಒಮ್ಮೆ ಶಶಿರೇಖಾಳ ಕಡೆ ನೋಡಿ ಸುಮ್ಮನಾದರು. ಆಮೇಲೆ, ಮಲಗುವಾಗ ಹಾಕಿಕೊಳ್ಳಲು ಒಂದು ಪ್ಲೇಟು ಮಾಡಿಸಿಕೊಡುತ್ತೇನೆ, ದವಡೆಗೆ ವಿಶ್ರಾಂತಿ ಸಿಗುತ್ತದೆ, ನಿದ್ದೆಯೂ ಚೆನ್ನಾಗಿ ಬರುತ್ತದೆ ಎಂದರು. ಅದು ಅಂಗಡಿಯಲ್ಲಿ ಸಿಕ್ಕುವ ಮಾಲಲ್ಲ, ಅವರವರ ಬಾಯಿಗೆ ಅಳತೆ ತೆಗೆದೇ ಮಾಡಬೇಕು. ಇಡ್ಲಿ ಹಿಟ್ಟಿನ ಹಾಗಿದ್ದ ಗುಲಾಬಿ ಬಣ್ಣದ ಮುದ್ದೆಯನ್ನು ಒಂದು ಅಚ್ಚಿಗೆ ತುಂಬಿ ಬಾಯಿಗೆ ಒತ್ತಿ ಹಿಡಿದರು. ಲಕ್ಕಮ್ಮನಿಗೆ ಓಕರಿಕೆ ಬಂದು ಕಣ್ಣಲ್ಲಿ ನೀರು. ಬಾಯಿ ತುಂಬಿದ್ದರಿಂದ ಬೈಯಲೂ ಆಗಲಿಲ್ಲ. ಸೊಸೆಯ ಕೈಯನ್ನೇ ಬಿಗಿಯಾಗಿ ಹಿಡಿದುಕೊಂಡು ಕೂತಳು.

ಪ್ಲೇಟು ಗಾಜಿನಷ್ಟು ತೆಳ್ಳಗೆ, ಮೇಲಿನ ಹಲ್ಲಿನ ಸಾಲಿಗೆ ಟೋಪಿಯ ಹಾಗೆ ಕೂರುತ್ತಿತ್ತು. ಮೊದಲು ಒಂದೆರಡು ದಿನ ದಿಂಬೆಲ್ಲ ಜೊಲ್ಲು. ಇದನ್ನು ಹಗಲು ಹೊತ್ತು ಹಾಕಿಕೊಂಡರೆ ಇಡೀ ಮೇನ್ ರೋಡಿಗೇ ನೆಮ್ಮದಿ ಎಂದು ಮುನಿಕೃಷ್ಣ ರೇಗಿಸಿ ಬೈಸಿಕೊಂಡ. ಆಮೇಲೆ ಒಂದು ಬೆಳಿಗ್ಗೆ ಲಕ್ಕಮ್ಮ ಎದ್ದು ಬಾಯಿ ಆಡಿಸಿ ನೋಡಿದರೆ ನೋವೇ ಇಲ್ಲ. ಎಷ್ಟು ವರ್ಷವಾಗಿತ್ತೋ ಹಾಗೆ ಎದ್ದು. ದಿನವೂ ಆ ಪ್ಲೇಟನ್ನು ತೊಳೆದು ಡಬ್ಬಿಯಲ್ಲಿಡುವ ಕೆಲಸ ಸೊಸೆ ತಾನಾಗಿಯೇ ವಹಿಸಿಕೊಂಡಳು. ಅತ್ತೆಯ ಬಾಯಿಯ ಎಂಜಲನ್ನು ಮುಖ ಸಿಂಡರಿಸದೆ ತೊಳೆಯುತ್ತಿದ್ದಳು.

ಅದೇ ವಾರ ಚೂಡಾಮಣಿ ಬಂದು, ಸದ್ದು ನಿಂತೇ ಹೋಯಿತಲ್ಲ ಎಂದಳು. ತಾಯಿತದ ಮಹಿಮೆ ಎಂದು ಲಕ್ಕಮ್ಮ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ದರ್ಗಾಕ್ಕೆ ಹೋಗಿ ಹರಕೆಯ ಸಕ್ಕರೆ ಓದಿಸಿದಳು. ಸೊಸೆಯ ಚಾಪೆ ಹಾಲಿಗೆ ವಾಪಸ್ಸು ಬಂತು. ಏಳನೇ ತಿಂಗಳಲ್ಲಿ ಸೀಮಂತ ಮಾಡಿ, ಮಡಿಲು ತುಂಬಿ, ಮಗುವಾದ ಮೂರನೇ ತಿಂಗಳಿಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಪ್ರೇಮಲತಾಳಿಗೆ ಮಾತು ಕೊಟ್ಟು ಕಳಿಸಿದಳು. ಹೊರಡುವಾಗ ಶಶಿರೇಖಾ, ಪ್ಲೇಟನ್ನು ತಣ್ಣೀರಿನಲ್ಲೇ ತೊಳೆಯಬೇಕು, ಮರೆಯಬೇಡಿ ಎಂದು ಒತ್ತಿ ಹೇಳಿದಳು.

ಲಕ್ಕಮ್ಮನಿಗೆ ಅದು ಸರಿಬೀಳಲಿಲ್ಲ. ರಾತ್ರಿಯಿಡೀ ಬಾಯಲ್ಲಿದ್ದ ವಸ್ತು, ಎಂಜಲು. ತಣ್ಣೀರಿಗೆ ಎಂಜಲು ಹೋಗುತ್ತದೆಯೇ? ಹಾಲಿನ ಪಾತ್ರೆಗೇ ಕುದಿಯುವ ನೀರು ಹಾಕುವ ಹೆಂಗಸು ಅವಳು. ಡಾಕ್ಟರು ಚಿಕ್ಕ ಹುಡುಗಿ, ಮಡಿ ಮುಸುರೆ ಏನು ಗೊತ್ತು ಅವಳಿಗೆ? ಒಂದು ಭಾನುವಾರ ಸ್ಟವ್ವಿನ ಮೇಲೆ ನೀರು ಮರಳಿಸಿ ಪ್ಲೇಟನ್ನು ಅದರಲ್ಲಿ ಬಿಟ್ಟಳು. ಎತ್ತಿ ನೋಡಿದರೆ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಬಾಯಿಗೆ ಹಾಕಿದರೆ ಕೂರಲೇ ಇಲ್ಲ. ಹೇಗೂ ದವಡೆ ನೋವು ಹೋಗಿದೆಯಲ್ಲ, ಹಾಳಾಗಿ ಹೋಗಲಿ ಎಂದು ಗೂಡಿನಲ್ಲಿಟ್ಟು ಮರೆತಳು.

ಮರೆತ ಎರಡೇ ದಿನಕ್ಕೆ ಚೂಡಾಮಣಿ ನಲ್ಲಿಯ ಹತ್ತಿರ ಕೇಳಿದಳು: "ಏನ್ ಲಕ್ಕಮ್ಮಕ್ಕ, ಸೊಸೆ ಬಂದ್ಬಿಟ್ಳಾ? ರಾತ್ರಿಯೆಲ್ಲ ಮತ್ತೆ ಕರಕರ ಅಂತಿತ್ತು."

ಲಕ್ಕಮ್ಮ ಬಿಂದಿಗೆ ಹಿಡಿದುಕೊಂಡು ಹಾಗೇ ನಿಂತಳು. ಸೊಸೆ ಮಲ್ಲೇಶ್ವರದಲ್ಲಿ. ಮಗ ಪ್ರೆಸ್ಸಿನಲ್ಲಿ. ರಾತ್ರಿ ಆ ಮನೆಯಲ್ಲಿ ಇದ್ದದ್ದು ಅವಳೊಬ್ಬಳೇ. ಬೆಳಿಗ್ಗೆಯಿಂದ ದವಡೆ ಬೇರೆ ಹಿಡಿದುಕೊಂಡಿತ್ತು. ಬಿಂದಿಗೆ ತುಂಬಿ ನೀರು ಕಾಲ ಮೇಲೆ ಹರಿಯಿತು. ಆಗ ಅವಳ ಬಾಯಿಂದ ಬಂದ ಮಾತನ್ನು ಅವಳು ಆಮೇಲೆ ಎಷ್ಟು ಶಪಿಸಿದರೂ ವಾಪಸ್ಸು ತೆಗೆದುಕೊಳ್ಳಲು ಆಗಲಿಲ್ಲ.

"ಹ್ಞೂ, ಬಂದಿದ್ಲು. ಬೆಳಿಗ್ಗೇನೇ ಎದ್ದು ಹೊರಟೋದ್ಲು."

ಅವತ್ತು ಸೊಪ್ಪಿನ ಮುಂದೆ ಕೂತವಳು ಕೂಗಲೇ ಇಲ್ಲ. ಗಿರಾಕಿಗಳು ಕಟ್ಟು ಬಿಚ್ಚಿ ನೋಡಿದರೂ ಸುಮ್ಮನಿದ್ದಳು. ಅವಳ ತಲೆಯಲ್ಲಿ ಇದ್ದದ್ದು ಒಂದೇ, ಮುನಿರಾಮಪ್ಪ. ಅಷ್ಟು ವರ್ಷ ಪಕ್ಕದಲ್ಲಿ ಮಲಗಿದ್ದವನಿಗೆ ಆ ಹಾಳು ಕಿವಿಯಿಂದ ಇದು ಕೇಳಿಸಿರಲಿಕ್ಕಿಲ್ಲ. ಕೇಳಿಸಿದ್ದರೆ ಎಚ್ಚರಿಸುತ್ತಿದ್ದ, ಏನಾದರೂ ಮಾಡಿಸಬಹುದಿತ್ತು. ಆ ಮನುಷ್ಯ ಅಷ್ಟು ಗಟ್ಟಿಯಾಗಿದ್ದ. ಕಾಯಿಲೆ ಇಲ್ಲ ಕಸಾಲೆ ಇಲ್ಲ. ತಿಂದವಳು ನಾನೇ, ಪಕ್ಕದಲ್ಲೇ ಮಲಗಿ ದಿನಾ ಒಂದಿಷ್ಟು ತಿಂದೆ. ಅಯ್ಯೋ ಶಿವನೇ ಎಂದು ಸೆರಗು ಬಾಯಿಗೆ ಒತ್ತಿಕೊಂಡು ಸೊಪ್ಪಿನ ಮುಂದೆಯೇ ಅತ್ತಳು.

ಸಂಜೆ ಆ ಸುರುಟಿದ ಪ್ಲೇಟನ್ನು ಹಿಡಿದು ಮಹಡಿ ಹತ್ತಿದಳು. ಕೋಕಿಲಾ ಡಾಕ್ಟರು ಅದನ್ನು ನೋಡಿ, ಬಿಸಿನೀರಿಗೆ ಹಾಕಿದಿರಾ ಎಂದು ನಕ್ಕರು. ಲಕ್ಕಮ್ಮ ನಗಲಿಲ್ಲ. ಇದು ಹಲ್ಲು ಕಡಿಯುವುದಕ್ಕೆ ಕೊಟ್ಟದ್ದೋ ಎಂದು ನೇರವಾಗಿ ಕೇಳಿದಳು. ಡಾಕ್ಟರು ತಡೆದು, ಹೌದಮ್ಮ ಎಂದರು. "ನಿಮ್ಮ ಸೊಸೆ ಮುಂಚೇನೇ ಒಬ್ಬರೇ ಬಂದು ಹೇಳಿದ್ರು. ನಿಮ್ಮ ಮುಂದೆ ಆ ಮಾತು ಮಾತ್ರ ಎತ್ಬೇಡಿ ಅಂತ ಕೇಳ್ಕೊಂಡ್ರು." ದರಿದ್ರ ಗಿರಿದ್ರ ಏನೂ ಇಲ್ಲ, ಎಷ್ಟೋ ಜನ ಹೀಗೆ ಕಡಿಯುತ್ತಾರೆ, ನಮ್ಮಪ್ಪನೂ ಕಡಿಯುತ್ತಾರೆ, ಅಮ್ಮ ಚೆನ್ನಾಗಿಯೇ ಇದ್ದಾರೆ ಎಂದು ಸಮಾಧಾನ ಹೇಳಿ ಹೊಸದಾಗಿ ಅಳತೆ ತೆಗೆದರು. ಲಕ್ಕಮ್ಮನಿಗೆ ಸಮಾಧಾನವೇನೂ ಆಗಲಿಲ್ಲ. ಹುಡುಗಿಗೆ ಗೊತ್ತಿತ್ತು. ಗೊತ್ತಿದ್ದೂ ಅಡುಗೆಮನೆಯಲ್ಲಿ ಮಲಗಿದಳು, ಕಷಾಯ ಕುಡಿದಳು, ತಾಯಿತ ಕಟ್ಟಿಸಿಕೊಂಡಳು. ಯಾಕೆ? ಯೋಚಿಸಿದಷ್ಟೂ ಲಕ್ಕಮ್ಮನಿಗೆ ನಾಚಿಕೆಯಾಯಿತು. ಆದರೂ ಚೂಡಾಮಣಿಗೆ ಹೇಳಿದ ಸುಳ್ಳನ್ನು ಸರಿಮಾಡಲು ಬಾಯಿ ಬರಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದಳು.

ಸುಳ್ಳು ಅಷ್ಟು ಹೊತ್ತು ಕಾಯುತ್ತದೆಯೇ? ತುಂಬು ಬಸುರಿ ರಾತ್ರಿ ಬಂದು ಬೆಳಗಾಗುವ ಮೊದಲೇ ಹೊರಟುಹೋದಳಂತೆ ಎಂಬ ಮಾತು ವಠಾರದಲ್ಲಿ ಸುತ್ತಿತು. ಜಗಳವೇ ಇರಬೇಕು ಎಂದರು ಕೆಲವರು. ಗಂಡನಿಲ್ಲದ ಹೊತ್ತು ನೋಡಿ ಬಂದು ಹೋದದ್ದು ಯಾಕೋ, ಹೋದದ್ದು ಎಲ್ಲಿಗೋ ಎಂದರು ಇನ್ನು ಕೆಲವರು. ಪ್ರೆಸ್ಸಿನಿಂದ ಬರುತ್ತಿದ್ದ ಮುನಿಕೃಷ್ಣನ ಕಿವಿಗೆ ಬೇಕರಿಯ ಮುಂದೆ ಇದು ಬಿತ್ತು. ಮನೆಗೆ ಬಂದು ಅಮ್ಮನನ್ನು ಕೇಳಿದ. ಲಕ್ಕಮ್ಮ ಒಲೆಯ ಕಡೆ ಮುಖ ಮಾಡಿಕೊಂಡು ಹ್ಞೂ ಎಂದಳು. ಅಷ್ಟೇ. ಅವನು ಸ್ನಾನವನ್ನೂ ಮಾಡದೆ ಮಲ್ಲೇಶ್ವರದ ಬಸ್ಸು ಹತ್ತಿದ. ನಾನು ಬಂದೇ ಇಲ್ಲ ಎಂದಳು ಶಶಿರೇಖಾ. ಹಾಗಾದರೆ ನಮ್ಮಮ್ಮ ಸುಳ್ಳು ಹೇಳುತ್ತಾಳೋ ಎಂದ ಅವನು. ಎಂದೂ ದನಿ ಏರಿಸದ ಇಬ್ಬರೂ ಗಲ್ಲಿಗೆ ಕೇಳುವ ಹಾಗೆ ಕಿತ್ತಾಡಿದರು. ಅವನು ಮುಖ ಊದಿಸಿಕೊಂಡು ವಾಪಸ್ಸು ಬಂದ. ಹಿಂದೆಯೇ ಪ್ರೇಮಲತಾ ಹೇಳಿಕಳಿಸಿದಳು: ಅನುಮಾನಪಡುವ ಮನೆಗೆ ಮಗಳನ್ನು ಕಳಿಸುವುದಿಲ್ಲ, ಹುಟ್ಟುವ ಮಗುವನ್ನೂ ಕಳಿಸುವುದಿಲ್ಲ, ನಮ್ಮ ಪಾಡು ನಮಗಿರಲಿ.

ಹೀಗಾಯಿತು ನೋಡಿ. ದರಿದ್ರ ಬರಬಾರದೆಂದು ಇಷ್ಟೆಲ್ಲ ಮಾಡಿದ ಹೆಂಗಸು ತನ್ನ ಕೈಯಾರೆ ಮನೆ ಒಡೆದಿದ್ದಳು. ಅವಳಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಮಾರನೆಯ ದಿನ ಸೊಪ್ಪು ತರಲು ಹೋಗಲಿಲ್ಲ. ಚೂಡಾಮಣಿಯ ಬಾಗಿಲು ತಟ್ಟಿ, ಸೀರೆ ಉಟ್ಟುಕೊಂಡು ಬಾ, ಮಲ್ಲೇಶ್ವರಕ್ಕೆ ಹೋಗಬೇಕು ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, ಕೇಳಿಸಿಕೊಳ್ಳೋದರಲ್ಲಿ ನಿನ್ನ ಬಿಟ್ಟರೆ ಇಲ್ಲವಲ್ಲ, ಬಂದು ಕೇಳಿಸಿಕೋ ಎಂದಳು. ಮಗನನ್ನೂ ನಿದ್ದೆಯಿಂದ ಎಬ್ಬಿಸಿ ಹೊರಡಿಸಿದಳು.

ಪ್ರೇಮಲತಾ ಬಾಗಿಲಲ್ಲಿ ನಿಂತು ಬನ್ನಿ ಎಂದಳೇ ಹೊರತು ಮುಖ ಅರಳಲಿಲ್ಲ. ನೀರು ಕೊಟ್ಟಳು. ಶಶಿರೇಖಾ ಒಳಗಿನ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಲಕ್ಕಮ್ಮ ಕೂರಲಿಲ್ಲ. ಹಾಲಿನ ನಡುವೆ ನಿಂತಳು. ಮೇನ್ ರೋಡಿನ ಆ ಗಂಟಲು ಎಲ್ಲಿ ಹೋಗಿತ್ತೋ, ಮೆಲ್ಲಗೆ ಶುರುಮಾಡಿದಳು.

"ಬೀಗರೇ, ನಿಮ್ಮ ಮಗಳು ಮನೆಗೆ ಬಂದಿರ್ಲಿಲ್ಲ. ನಾನು ಸುಳ್ಳು ಹೇಳ್ದೆ. ಚೂಡಾಮಣಿ, ನೀನೂ ಕೇಳು. ಹಲ್ಲು ಕಡಿಯೋಳು ಅವಳಲ್ಲ, ನಾನು. ಮೊದಲಿಂದ್ಲೂ ನಾನೇ."

ಚೂಡಾಮಣಿ ಸೆರಗಿನ ತುದಿ ತಿರುಚುತ್ತ ನೆಲ ನೋಡಿದಳು. ಮುನಿಕೃಷ್ಣ ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಹೋಗಿ ಮಂಚದ ಕಾಲಿನ ಹತ್ತಿರ ಕುಸಿದು ಕೂತು, ತಪ್ಪಾಯ್ತು ಕಣೇ ಎಂದ. ಪ್ರೇಮಲತಾ ಏನೋ ಖಾರವಾಗಿ ಹೇಳಲು ಹೊರಟವಳು ಬೀಗಿತಿ ಇನ್ನೂ ನಿಂತೇ ಇರುವುದನ್ನು ನೋಡಿ ನಿಲ್ಲಿಸಿದಳು. ಮೊದಲು ಕೂತ್ಕೊಳ್ಳಿ ಎಂದು ಅವಳನ್ನು ಮಗಳ ಪಕ್ಕಕ್ಕೇ ತಂದು ಕೂರಿಸಿ, ಚೂಡಾಮಣಿಯನ್ನು ಕರೆದುಕೊಂಡು ಕಾಫಿಗೆ ಎದ್ದಳು.

ಲಕ್ಕಮ್ಮ ಸೊಸೆಯ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಂತೆ."

"ಮದ್ವೆಯಾದ ವಾರದಲ್ಲೇ ಗೊತ್ತಾಯ್ತು ಅತ್ತೆ. ಪಕ್ಕದಲ್ಲೇ ಮಲಗ್ತಿದ್ನಲ್ಲ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ? ನಾನು ಅಷ್ಟೆಲ್ಲ ಅಂದೆ, ಅಷ್ಟೆಲ್ಲ ಮಾಡ್ದೆ."

ಶಶಿರೇಖಾ ಗಂಡನ ತಲೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಾಗ್ಲೇ ನೀವು, ಹಲ್ಲು ಕಡಿಯೋಳು ಗಂಡನ್ನ ತಿಂತಾಳೆ ಅಂದ್ಬಿಟ್ಟಿದ್ರಿ. ಆಮೇಲೆ ಹೆಂಗೆ ಹೇಳ್ಲಿ ಅತ್ತೆ? ನನ್ನ ಗಂಡ ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡಿದ್ರು. ಮಾವ ಇರ್ಲಿಲ್ಲ."

ಲಕ್ಕಮ್ಮ ಸೊಪ್ಪು ಕಟ್ಟಿ ಕಟ್ಟಿ ಬಿರುಕುಬಿಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ಹುಡುಗಿ ತನ್ನ ಮೇಲೆ ಬಂದ ಮಾತನ್ನು ಹೊತ್ತುಕೊಂಡದ್ದು ಈ ಒಂದು ಮಾತು ಅತ್ತೆಯ ಮೇಲೆ ಬೀಳಬಾರದೆಂದು. ಕೊನೆಗೆ ಲಕ್ಕಮ್ಮ, ಯಾರನ್ನೂ ಕೇಳಿರದ ಪ್ರಶ್ನೆಯನ್ನು ಇಪ್ಪತ್ತೆರಡು ವರ್ಷದ ಆ ಹುಡುಗಿಯನ್ನು ಕೇಳಿದಳು.

"ಹಂಗಾದ್ರೆ ನಿಮ್ಮ ಮಾವನ್ನ ನಾನು ತಿನ್ಲಿಲ್ವಾ?"

"ಇಲ್ಲ ಅತ್ತೆ. ಅವ್ರಿಗೆ ಎದೆನೋವು ಬಂದಿತ್ತು. ಅಷ್ಟೇ."

ಲಕ್ಕಮ್ಮ ಸೊಸೆಯ ಮಣಿಕಟ್ಟು ಹಿಡಿದುಕೊಂಡಳು. "ಇನ್ನೊಂದ್ಸಲ ಹೇಳಮ್ಮ,"  ಎಂದಳು.

ಶಶಿರೇಖಾ ಇನ್ನೊಂದು ಸಲ ಹೇಳಿದಳು.